ಎಲ್ಲಿಂದ ಬರ್ತಿದೀರಿ?

"ಸರ್, ನನ್ ಲ್ಯಾಪ್‌ಟಾಪ್‌ನ್ಯಾಗ ಹನ್ನೊಂದು ಟೆಸ್ಟ್ ಫೇಲ್ ಆಗಾಕತ್ತಾವ್ರಿ."

ಟೀಮಿಗೆ ಸೇರಿ ಎರಡೇ ವಾರ ಆಗಿದ್ದ ಹುಡುಗಿ ಹೀಗಂದಾಗ ನಾನು ತಲೆ ಎತ್ತಿ ಕೂಡ ನೋಡಲಿಲ್ಲ. ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ ಆಗಿರೋ ಅದೇ ಮಾತು ನನ್ನ ಬಾಯಿಂದಲೂ ಬಂತು: "ನನ್ನ ಮಷೀನ್‌ನಲ್ಲಿ ಓಡ್ತಿದೆಯಲ್ಲ!"

ಆಮೇಲೆ ಸ್ವಲ್ಪ ಉದಾರಿಯಾಗಿ, "ನೋಡ್ ಮಾಡ್ಯೂಲ್ಸ್ ಫೋಲ್ಡರ್ ಡಿಲೀಟ್ ಮಾಡಿ ಇನ್ನೊಂದ್ಸಲ ಇನ್‌ಸ್ಟಾಲ್ ಮಾಡಿ ನೋಡಿ" ಅಂದೆ. ಜಾವಾಸ್ಕ್ರಿಪ್ಟ್‌ನವರ ಜೀರಿಗೆ ಕಷಾಯ ಇದು. ಯಾವ ಕಾಯಿಲೆ ಅಂದ್ರೂ ಮೊದಲು ಕುಡಿಸೋದು ಇದನ್ನೇ. ವಾಸಿಯಾದ್ರೆ ಕಷಾಯದ ಮಹಿಮೆ, ಆಗದಿದ್ರೆ ಕುಡಿದವರ ದೇಹಪ್ರಕೃತಿ.

ಗದಗದ ಕಡೆಯ ಹುಡುಗಿ. ಮೊದಲ ಕೆಲಸ, ಆರು ತಿಂಗಳ ಪ್ರೊಬೇಷನ್. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ನೋಡ್ ಮಾಡ್ಯೂಲ್ಸ್ ಅಳಿಸಿ ಮತ್ತೆ ಹಾಕಿದಳು. ನೋಡ್‌ನ ಆವೃತ್ತಿ ಬದಲಿಸಿದಳು. ರಿಪೋವನ್ನೇ ಹೊಸದಾಗಿ ಕ್ಲೋನ್ ಮಾಡಿದಳು. ಮತ್ತೆ ಹನ್ನೊಂದು. ಶುಕ್ರವಾರದ ಸ್ಟ್ಯಾಂಡಪ್‌ನಲ್ಲಿ ಮ್ಯಾನೇಜರ್ "ಇವರದ್ದು ಯಾಕೆ ಇನ್ನೂ ಮುಗಿದಿಲ್ಲ?" ಅಂತ ಕೇಳಿದಾಗ ಅವಳ ಪರವಾಗಿ ನಾನೇ ಉತ್ತರ ಕೊಟ್ಟೆ. "ಏನಿಲ್ಲ, ಅವರ ಸೆಟಪ್ ಪ್ರಾಬ್ಲಮ್. ಫ್ರೆಶರ್ ಅಲ್ವಾ." ಎಲ್ಲರೂ ತಲೆಯಾಡಿಸಿದರು. ಅವಳೂ ತಲೆಯಾಡಿಸಿದಳು. ಶನಿವಾರ, ಭಾನುವಾರ ಕೂತು ಲ್ಯಾಪ್‌ಟಾಪ್‌ನ ಉಬುಂಟುವನ್ನೇ ಪೂರ್ತಿ ಅಳಿಸಿ ಹೊಸದಾಗಿ ಹಾಕಿದಳಂತೆ.

ಸೋಮವಾರವೂ ಹನ್ನೊಂದೇ.

ಇಲ್ಲೇ ನನಗೆ ಅನುಮಾನ ಬರಬೇಕಿತ್ತು. ನಿಜವಾಗಲೂ ಸೆಟಪ್ ಹದಗೆಟ್ಟಿದ್ರೆ ಒಂದು ದಿನ ಹತ್ತು ಬೀಳುತ್ತೆ, ಇನ್ನೊಂದು ದಿನ ಹದಿನೈದು ಬೀಳುತ್ತೆ. ಇಷ್ಟೆಲ್ಲ ಕಿತ್ತು ಹಾಕಿದ ಮೇಲೂ ಅದೇ ಹನ್ನೊಂದು, ಅದೇ ಹೆಸರು, ಅದೇ ಕ್ರಮದಲ್ಲಿ ಬೀಳ್ತಿವೆ ಅಂದ್ರೆ ಅದು ಕಾಯಿಲೆ ಅಲ್ಲ, ಯಾರೋ ಬರೆದಿಟ್ಟ ತಪ್ಪು. ಆದರೆ ನನ್ನ ಪರದೆಯ ಮೇಲೆ ಎಲ್ಲ ಹಸಿರು. ಹಸಿರು ಕಾಣ್ತಿರೋವಾಗ ಯಾರಿಗೆ ಅನುಮಾನ ಬರುತ್ತೆ?

ಸಾಫ್ಟ್‌ವೇರ್‌ನವರಲ್ಲದ ಓದುಗರಿಗೆ ಎರಡು ಮಾತು. ನಾನು ತಿಪಟೂರಿನ ಕಡೆಯವನು, ನಮ್ಮ ಕಡೆ ಕೊಬ್ಬರಿ ಮಾಡ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ಲೊಡಲೊಡ ಅಂದ್ರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು ಅಂತ ಅರ್ಥ. ಯೂನಿಟ್ ಟೆಸ್ಟ್ ಅಂದ್ರೆ ಅಷ್ಟೇ. ಇಡೀ ರಾಶಿಯನ್ನು ಮಂಡಿಗೆ ಸಾಗಿಸೋ ಮೊದಲು ಒಂದೊಂದು ಕಾಯನ್ನೂ ಬೇರೆಬೇರೆಯಾಗಿ ಅಲ್ಲಾಡಿಸಿ ನೋಡೋದು. ನಮ್ಮದು ಬಿಲ್ಲಿಂಗ್ ತಂತ್ರಾಂಶ. ಒಂದು ಮಾದರಿ ಬಿಲ್ ಕೊಟ್ಟರೆ ತೆರಿಗೆ ಸರಿಯಾಗಿ ಬರುತ್ತಾ, ರಿಯಾಯಿತಿ ಸರಿಯಾಗಿ ಕಳೆಯುತ್ತಾ ಅಂತ ನೋಡೋ ಟೆಸ್ಟುಗಳು. ಮಾದರಿ ಬಿಲ್‌ಗಳು ಫಿಕ್ಸ್‌ಚರ್ಸ್ ಅನ್ನೋ ಫೋಲ್ಡರಿನಲ್ಲಿವೆ. ಟೆಸ್ಟ್ ಓಡೋವಾಗ ಅಲ್ಲಿಂದ ಫೈಲ್ ತೆಗೆದು ಓದುತ್ತೆ. ಬೀಳ್ತಿದ್ದ 11 ಟೆಸ್ಟುಗಳೂ ಹೀಗೆ ಫೈಲ್ ಓದುವಂಥವೇ. ಲೆಕ್ಕ ತಪ್ಪಾಗಿ ಬೀಳ್ತಿರಲಿಲ್ಲ. ಲೆಕ್ಕದ ತನಕ ಹೋಗ್ತಾನೇ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಇನ್ನೊಬ್ಬ ಸಹೋದ್ಯೋಗಿ ಒಂದು ಒಳ್ಳೆ ಕೆಲಸ ಮಾಡಿದ. ಸರ್ವರ್ ಮೇಲೆ ಎಲ್ಲ ಟೆಸ್ಟುಗಳನ್ನು ಒಟ್ಟಿಗೆ ಓಡಿಸಿದ್ರೆ ತಡ ಆಗುತ್ತೆ ಅಂತ, ಒಂದೊಂದು ಪ್ಯಾಕೇಜಿನ ಫೋಲ್ಡರ್ ಒಳಗೆ ಹೋಗಿ ಅದರದರ ಟೆಸ್ಟನ್ನು ಪ್ರತ್ಯೇಕವಾಗಿ, ಏಕಕಾಲಕ್ಕೆ ಓಡಿಸೋ ಹಾಗೆ ಬದಲಿಸಿದ. ಹತ್ತು ನಿಮಿಷದಲ್ಲಿ ಸರ್ವರ್ ಕೆಂಪಾಯ್ತು. ಬಿಲ್ಲಿಂಗ್ ಪ್ಯಾಕೇಜ್, 11 ಟೆಸ್ಟ್ ಫೇಲ್.

ಫ್ರೆಶರ್ ಲ್ಯಾಪ್‌ಟಾಪ್‌ನಲ್ಲಿ ಬಿದ್ದರೆ ಸೆಟಪ್ ಪ್ರಾಬ್ಲಮ್. ಸರ್ವರಿನಲ್ಲಿ ಬಿದ್ದರೆ ತುರ್ತು ಪರಿಸ್ಥಿತಿ. ಬುಧವಾರ ರಿಲೀಸ್ ಬೇರೆ. ಆಗ ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಹೋಗಿ ಕೂತೆ. ಐದು ದಿನದಲ್ಲಿ ಮೊದಲ ಸಲ ಅವಳ ಪರದೆಯನ್ನು ನೋಡಿದೆ.

ಎರರ್ ಏನಂತ ಗೊತ್ತಾ? ಇ-ಎನ್-ಓ-ಇ-ಎನ್-ಟಿ. ಯುನಿಕ್ಸ್ ಕಾಲದಿಂದ ಬಂದ ಹಳೇ ಸಂಕೇತ. ಅಂಥ ಫೈಲೂ ಇಲ್ಲ, ಅಂಥ ಡೈರೆಕ್ಟರಿಯೂ ಇಲ್ಲ ಅಂತ ಅರ್ಥ. ಅದರ ಪಕ್ಕದಲ್ಲೇ ಅದು ತೆರೆಯೋಕೆ ಹೋದ ಪಾತ್ ಬರೆದಿರುತ್ತೆ. ನಮ್ಮದರಲ್ಲಿ ಹೀಗಿತ್ತು: ./ಪ್ಯಾಕೇಜಸ್/ಬಿಲ್ಲಿಂಗ್/ಫಿಕ್ಸ್‌ಚರ್ಸ್/ಬಿಲ್.ಜೇಸನ್.

"ಫೈಲ್ ಅಲ್ಲೇ ಐತ್ರಿ ಸರ್, ನೋಡ್ರಿ" ಅಂತ ಅವಳು ಎಡಗಡೆಯ ಪಟ್ಟಿಯಲ್ಲಿ ತೋರಿಸಿದಳು. ಹೌದು, ಅಲ್ಲೇ ಇತ್ತು. ಐದು ದಿನದಿಂದ ಅವಳು ನೋಡ್ತಿದ್ದದ್ದು ಇದನ್ನೇ: ಕಣ್ಣೆದುರಿಗೆ ಇರೋ ಫೈಲು, ಇಲ್ಲ ಅನ್ನೋ ಕಂಪ್ಯೂಟರು. ಹುಚ್ಚು ಹಿಡಿಯೋಕೆ ಇನ್ನೇನು ಬೇಕು?

ಲಿನಕ್ಸ್, ಮ್ಯಾಕ್‌ಗಳಲ್ಲಿ ಈ ಎರರ್‌ನ ಒಂದು ದುರ್ಗುಣ ಏನಂದ್ರೆ, ನಾವು ಕೊಟ್ಟ ವಿಳಾಸವನ್ನೇ ನಮಗೆ ತಿರುಗಿ ಓದಿ ಹೇಳುತ್ತೆ. ತಾನು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಹುಡುಕಿದೆ ಅಂತ ಬಾಯಿ ಬಿಡಲ್ಲ. ಹಾಗಾಗಿ ಟೆಸ್ಟಿನ ಮೇಲ್ಗಡೆ ಒಂದು ಸಾಲು ಸೇರಿಸಿದೆ. ಪ್ರೋಸೆಸ್ ಡಾಟ್ ಸಿಡಬ್ಲ್ಯುಡಿ. ಈ ಪ್ರೋಗ್ರಾಂ ಈಗ ಯಾವ ಫೋಲ್ಡರಿನಲ್ಲಿ ನಿಂತಿದೆ ಅಂತ ಮುದ್ರಿಸು. ನನ್ನ ಮಷೀನ್‌ನಲ್ಲಿ ರಿಪೋದ ಬೇರು ಫೋಲ್ಡರ್ ಬಂತು. ಅವಳದ್ದರಲ್ಲಿ ಪ್ಯಾಕೇಜಸ್ ಒಳಗಿನ ಬಿಲ್ಲಿಂಗ್ ಬಂತು.

ಅಷ್ಟೇ. ಐದು ದಿನದ ಕತೆ ಅಷ್ಟೇ. ನಾನು ಯಾವಾಗಲೂ ಇಡೀ ರಿಪೋ ತೆರೆದು ಮೇಲಿನಿಂದ ಟೆಸ್ಟ್ ಓಡಿಸ್ತೀನಿ. ಅವಳಿಗೆ ಕೊಟ್ಟಿದ್ದು ಬಿಲ್ಲಿಂಗ್ ಕೆಲಸ ಮಾತ್ರ, ಅವಳು ಆ ಫೋಲ್ಡರನ್ನಷ್ಟೇ ತೆರೆದಿದ್ದಳು. ಅದಕ್ಕೆ ಅದರದ್ದೇ ಪ್ಯಾಕೇಜ್ ಡಾಟ್ ಜೇಸನ್ ಇದೆ, ಹಾಗಾಗಿ ಎನ್‌ಪಿಎಂ ಅಲ್ಲಿಂದಲೇ ಟೆಸ್ಟ್ ಓಡಿಸಿತು. ಬಿಲ್ಲಿಂಗ್ ಒಳಗೆ ನಿಂತುಕೊಂಡು ಪ್ಯಾಕೇಜಸ್, ಅದರೊಳಗೆ ಬಿಲ್ಲಿಂಗ್, ಅದರೊಳಗೆ ಫಿಕ್ಸ್‌ಚರ್ಸ್ ಅಂತ ಹುಡುಕಿದ್ರೆ ಎಲ್ಲಿ ಸಿಗಬೇಕು? ಮನೆಯೊಳಗೆ ನಿಂತು ಮನೆ ಎಲ್ಲಿ ಅಂತ ಹುಡುಕಿದ ಹಾಗೆ.

ಇದರಲ್ಲಿ ಜಾವಾಸ್ಕ್ರಿಪ್ಟ್ ಕಲಿಯುವ ಬಹುತೇಕರು ಒಂದಲ್ಲ ಒಂದು ದಿನ ಬೀಳೋ ಗುಂಡಿ ಇದೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನೋಡ್‌ನಲ್ಲಿ ಒಂದೇ ಫೈಲಿನ ಎರಡು ಸಾಲಿನಲ್ಲಿ ಚುಕ್ಕೆ-ಸ್ಲ್ಯಾಶ್ ಬರೆದರೆ ಎರಡಕ್ಕೂ ಒಂದೇ ಅರ್ಥ ಇರಬೇಕಾಗಿಲ್ಲ. ರಿಕ್ವೈರ್ ಅಥವಾ ಇಂಪೋರ್ಟ್ ಜೊತೆ ಬರೆದ ಚುಕ್ಕೆ 'ಈ ಸಾಲು ಇರುವ ಫೈಲಿನ ಪಕ್ಕದಲ್ಲಿ' ಅನ್ನುತ್ತೆ. ಫೈಲ್ ಓದುವ ಎಫ್‌ಎಸ್‌ನ ರೀಡ್‌ಫೈಲ್ ಜೊತೆ ಬರೆದ ಅದೇ ಚುಕ್ಕೆ 'ಪ್ರೋಗ್ರಾಂ ಶುರು ಮಾಡಿದವನು ನಿಂತಿರುವ ಜಾಗದಲ್ಲಿ' ಅನ್ನುತ್ತೆ. ಮೊದಲನೆಯದು ಬರೆದವನ 'ಇಲ್ಲಿ', ಎರಡನೆಯದು ಓಡಿಸುವವನ 'ಇಲ್ಲಿ'. ಬರೆಯೋನೂ ಓಡಿಸೋನೂ ಒಬ್ಬನೇ ಆಗಿ, ಯಾವಾಗಲೂ ಒಂದೇ ಜಾಗದಲ್ಲಿ ಕೂತಿರೋ ತನಕ ಎರಡರ ನಡುವಿನ ವ್ಯತ್ಯಾಸ ಗೊತ್ತೇ ಆಗಲ್ಲ.

ಯಾರಪ್ಪ ಹೀಗೆ ಬರೆದವನು ಅಂತ ಗಿಟ್ ಬ್ಲೇಮ್ ಹಾಕಿ ನೋಡಿದೆ. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅಂತ ಹೇಳೋ ಆಜ್ಞೆ ಅದು. 11ಕ್ಕೆ 11 ಸಾಲಿನ ಮುಂದೂ ನನ್ನದೇ ಹೆಸರು. ಮೂರು ವರ್ಷದ ಹಿಂದಿನದು.

ಬರೆದ ರಾತ್ರಿಯೂ ನೆನಪಾಯಿತು. ಮೊದಲು ಚುಕ್ಕೆ-ಚುಕ್ಕೆ-ಸ್ಲ್ಯಾಶ್ ಹಾಕಿದ್ದೆ, ಓಡಲಿಲ್ಲ. ಒಂದು ಚುಕ್ಕೆ ತೆಗೆದೆ, ಓಡಲಿಲ್ಲ. ಪ್ಯಾಕೇಜಸ್ ಅಂತ ಮುಂದೆ ಸೇರಿಸಿದೆ, ಬಿಲ್ಲಿಂಗ್ ಸೇರಿಸಿದೆ, ಹಸಿರಾಯ್ತು. ಯಾಕೆ ಹಸಿರಾಯ್ತು ಅಂತ ಕೇಳಿಕೊಳ್ಳಲಿಲ್ಲ, ಮನೆಗೆ ಹೋದೆ. ನಿಜ ಹೇಳಿ, ನೀವೂ ಹೀಗೇ ಅಲ್ವಾ ಪಾತ್ ಬರೆಯೋದು? ಹಸಿರಾಗೋ ತನಕ ಚುಕ್ಕೆ ಹಾಕೋದು, ತೆಗೆಯೋದು. ಬೀಗಕ್ಕೆ ಗೊಂಚಲಿನ ಒಂದೊಂದೇ ಕೀ ಹಾಕಿ ತಿರುಗಿಸಿದ ಹಾಗೆ.

ಅವಳ ಪರದೆ ಮೇಲೆ ನನ್ನ ಹೆಸರು 11 ಸಲ ಕಾಣ್ತಿತ್ತು. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಅಪ್ಪನ ಒಂದು ಮಾತು ನೆನಪಾಯಿತು.

1999ರ ಮಳೆಗಾಲ. ನಾನಾಗ ಆರನೇ ಕ್ಲಾಸು. ನಮ್ಮೂರು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಇದೆ, ರಸ್ತೆ ಊರ ಮಧ್ಯದಲ್ಲೇ ಹಾದು ಹೋಗುತ್ತೆ. ರಸ್ತೆ ಪಕ್ಕ ಅರಳಿಕಟ್ಟೆ. ಅಲ್ಲಿ ಎರಡೂ ಬದಿಗೆ ಒಂದೊಂದು ದಾರಿ ಹೊರಳುತ್ತೆ, ಒಂದು ನಮ್ಮ ಮನೆ ಕಡೆ, ಇನ್ನೊಂದು ಕೆರೆ ಏರಿ ಕಡೆ. ಅವತ್ತು ಮಧ್ಯಾಹ್ನದಿಂದ ಕೊಟ್ಟಿಗೆಯಲ್ಲಿ ಹಸು ನೋವು ತಿನ್ನುತ್ತಿತ್ತು. ಸಂಜೆಯಾದ್ರೂ ಕರು ಬರಲಿಲ್ಲ. ಹಸು ಬಿಟ್ಟು ಅಪ್ಪ ಕದಲೋ ಹಾಗಿರಲಿಲ್ಲ. ದನದ ಡಾಕ್ಟರ ಮನೆ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಫೋನಿದ್ದ ಅಂಗಡಿಗೆ ನನ್ನನ್ನು ಓಡಿಸಿದ.

ಫೋನೆತ್ತಿದ್ದು ಡಾಕ್ಟರ ಹೆಂಡತಿ. "ಅವರು ಚಿಕ್ಕನಾಯಕನಹಳ್ಳಿ ಕಡೆ ಒಂದು ಹಳ್ಳಿಗೆ ಹೋಗಿದಾರಪ್ಪ. ಅಲ್ಲಿಗೆ ಫೋನ್ ಮಾಡಿ ಹೇಳ್ತೀನಿ, ಹಂಗೇ ನಿಮ್ಮೂರಿಗೆ ಬರ್ತಾರೆ. ಮನೆ ಎಲ್ಲಿ ಹೇಳು, ಬರ್ಕೋತೀನಿ." ನಾನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ. "ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗಿ ಸೀದಾ ಬಂದ್ರೆ ಮೂರನೇ ಮನೆ." ಅವರು ಬರೆದುಕೊಂಡು ಒಂದು ಸಲ ಓದಿಯೂ ಹೇಳಿದರು. ಒಂದಕ್ಷರ ತಪ್ಪಿರಲಿಲ್ಲ.

ಸಂತೆಯಿಂದ ಬರೋವಾಗ, ತಿಪಟೂರಿನ ಬಸ್ಸಿಳಿದು ಬರೋವಾಗ ನಮಗೆ ಮನೆ ಎಡಕ್ಕೇ ಸಿಕ್ತಿತ್ತು. ಡಾಕ್ಟರು ಬಂದದ್ದು ಆಚೆ ಕಡೆಯಿಂದ. ಅವರ ಎಡಕ್ಕೆ ಇದ್ದದ್ದು ಕೆರೆ ಏರಿ. ಕತ್ತಲು, ಮಳೆ. ಬೈಕು ಏರಿಯ ಕೆಸರಿನಲ್ಲಿ ಹೂತುಕೊಂಡಿತು. ಅದನ್ನು ಅಲ್ಲೇ ಬಿಟ್ಟು, ಬ್ಯಾಗು ಹೊತ್ತು, ಕಂಡಕಂಡ ಮನೆ ಬಾಗಿಲು ತಟ್ಟಿ ಕೇಳಿಕೊಂಡು ನಡೆದು ಬರೋ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಹಸು ಉಳೀತು. ಕರು ಉಳೀಲಿಲ್ಲ. ಹೆಣ್ಣುಗರು.

ಅಪ್ಪ ನನ್ನನ್ನು ಬೈಯಲಿಲ್ಲ. ಡಾಕ್ಟರಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ, ಕೈ ತೊಳೀತಾ, "ಎಲ್ಲಿಂದ ಬರ್ತಿದೀರಿ ಅಂತ ಒಂದ್ ಮಾತು ಕೇಳ್ಬೇಕಿತ್ತು ಕಣೋ" ಅಂದ. ಅವರು ಎಲ್ಲಿಂದ ಬರ್ತಾರೆ ಅಂತ ನನಗೆ ಗೊತ್ತಿತ್ತು. ಫೋನಿನಲ್ಲೇ ಹೇಳಿದ್ದರು. ಅದನ್ನು ಅಪ್ಪನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಈಗ ರಿಪೇರಿ ವಿಷಯ. ರಿಪೇರಿ ಸುಲಭ, ಆದರೆ ಅಡ್ಡದಾರಿಗಳು ಅದಕ್ಕಿಂತ ಸುಲಭ. "ಹೊಸ ಬದಲಾವಣೆ ವಾಪಸ್ ತಗೊಂಡು ಮೊದಲಿನ ಹಾಗೇ ಬೇರಿನಿಂದ ಓಡಿಸಿ, ಬುಧವಾರ ಆದ್ಮೇಲೆ ನೋಡೋಣ" ಅಂತ ಮ್ಯಾನೇಜರ್ ಹೇಳಿದರು. ಅಂದ್ರೆ ಊರಿಗೆ ಬರೋರೆಲ್ಲ ತಿಪಟೂರಿನ ಕಡೆಯಿಂದಲೇ ಬರಬೇಕು ಅಂತ ಬೋರ್ಡ್ ಹಾಕಿದ ಹಾಗೆ. ಇನ್ನೊಂದು ಅಡ್ಡದಾರಿ, ಟೆಸ್ಟಿನ ಶುರುವಿನಲ್ಲಿ ಚೇಂಜ್ ಡೈರೆಕ್ಟರಿ ಹಾಕಿ ಪ್ರೋಗ್ರಾಮನ್ನೇ ಎತ್ತಿ ಬೇಕಾದ ಕಡೆ ನಿಲ್ಲಿಸೋದು. ಅದೇ ಪ್ರೋಸೆಸ್‌ನಲ್ಲಿ ಓಡುವ ಮಿಕ್ಕ ಟೆಸ್ಟುಗಳ ಕಾಲ ಕೆಳಗಿನ ನೆಲವೂ ಸರಿಯುತ್ತೆ. ಇವತ್ತು ನಮ್ಮ ಹನ್ನೊಂದು ಸರಿಹೋದ್ರೆ ನಾಳೆ ಬೇರೆಯವರ ಹನ್ನೆರಡು ಬೀಳುತ್ತೆ.

ಸರಿಯಾದ ದಾರಿ ಅಂದ್ರೆ ವಿಳಾಸವನ್ನು ಓಡಿಸುವವರ ಕಾಲಿನಿಂದ ಶುರು ಮಾಡದೆ ಫೈಲಿನ ಸ್ವಂತ ಜಾಗದಿಂದ ಶುರು ಮಾಡೋದು. ಹಳೇ ಕಾಮನ್‌ಜೆಎಸ್ ಶೈಲಿಯ ಕೋಡಿನಲ್ಲಿ ಇದಕ್ಕೆ ಡಿರ್‌ನೇಮ್ ಅನ್ನೋ ಹೆಸರು ಸಿದ್ಧವಾಗಿ ಸಿಗುತ್ತೆ, ಮುಂದೆ ಎರಡು ಅಂಡರ್‌ಸ್ಕೋರ್ ಹಾಕಬೇಕು. 'ನಾನು ವಾಸವಾಗಿರುವ ಫೋಲ್ಡರ್' ಅಂತ ಅದರ ಅರ್ಥ. ಪಾತ್ ಡಾಟ್ ಜಾಯಿನ್‌ಗೆ ಅದನ್ನು ಕೊಟ್ಟು, ಅಲ್ಲಿಂದ ಒಂದು ಮೆಟ್ಟಿಲು ಮೇಲೆ, ಆಮೇಲೆ ಫಿಕ್ಸ್‌ಚರ್ಸ್, ಆಮೇಲೆ ಬಿಲ್.ಜೇಸನ್ ಅಂತ ಹೇಳಿದ್ರೆ ಮುಗೀತು. ನೀವು ಬೇರಿನಿಂದ ಓಡಿಸಿ, ಬಿಲ್ಲಿಂಗ್‌ನಿಂದ ಓಡಿಸಿ, ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಿಂದ ಬೇಕಾದ್ರೂ ಓಡಿಸಿ, ಫೈಲ್ ಸಿಗುತ್ತೆ.

ಹೊಸ ಇಎಸ್ ಮಾಡ್ಯೂಲ್ ಶೈಲಿಯಲ್ಲಿ ಬರೆಯೋರಿಗೆ ಈ ಡಿರ್‌ನೇಮ್ ಇಲ್ಲ. ಹೊಸ ಶೈಲಿಗೆ ಬದಲಿಸಿದ ದಿನವೇ ಇದು 'ಡಿಫೈನ್ ಆಗಿಲ್ಲ' ಅಂತ ಬೊಬ್ಬೆ ಹೊಡೆಯುತ್ತೆ. ಅಲ್ಲಿ ಇಂಪೋರ್ಟ್ ಡಾಟ್ ಮೆಟಾ ಡಾಟ್ ಯುಆರ್‌ಎಲ್ ಇದೆ, ಅದನ್ನು ಫೈಲ್ ಯುಆರ್‌ಎಲ್ ಟು ಪಾತ್ ಅನ್ನೋ ಫಂಕ್ಷನ್ನಿಗೆ ಕೊಟ್ಟು ಪಾತ್ ಮಾಡಿಕೊಳ್ಳಬೇಕು. ನೋಡ್ 20.11 ಬಂದ ಮೇಲೆ ಇಂಪೋರ್ಟ್ ಡಾಟ್ ಮೆಟಾ ಡಾಟ್ ಡಿರ್‌ನೇಮ್ ಅಂತ ನೇರವಾಗಿಯೇ ಸಿಗುತ್ತೆ, ನೆಮ್ಮದಿ. ಆ ಯುಆರ್‌ಎಲ್‌ನಿಂದ ಪಾತ್‌ನೇಮ್ ಭಾಗವನ್ನು ಮಾತ್ರ ಕಿತ್ತುಕೊಂಡು ಬಳಸೋ ಚಪಲ ಬೇಡ. ನಿಮ್ಮ ಯಾವುದೋ ಫೋಲ್ಡರಿನ ಹೆಸರಿನಲ್ಲಿ ಒಂದು ಖಾಲಿ ಜಾಗ ಇದ್ದರೆ ಅದು ಪರ್ಸೆಂಟ್ 20 ಆಗಿ ಕೂತಿರುತ್ತೆ. ಮತ್ತೆ ಅದೇ ಎರರ್, ಮತ್ತೆ ಜೀರಿಗೆ ಕಷಾಯ.

ಅಡ್ಡಹೆಸರಿನದ್ದೂ ಒಂದು ಗೋಳಿದೆ. ಕೋಡಿನಲ್ಲಿ ಆಟ್-ಸ್ಲ್ಯಾಶ್ ಅಂತ ಬರೆದರೆ ಸೋರ್ಸ್ ಫೋಲ್ಡರ್ ಅಂತ ಅರ್ಥ, ಹಾಗಂತ ಟೈಪ್‌ಸ್ಕ್ರಿಪ್ಟಿಗೂ ವೆಬ್‌ಪ್ಯಾಕಿಗೂ ಹೇಳಿಟ್ಟಿರ್ತೀವಿ. ಆದರೆ ಟೆಸ್ಟ್ ಓಡಿಸುವ ಜೆಸ್ಟ್‌ಗೆ ಅದನ್ನು ಯಾರೂ ಹೇಳಿರಲ್ಲ, ಅದು 'ಮಾಡ್ಯೂಲ್ ಸಿಗಲಿಲ್ಲ' ಅಂತ ಕೂತುಬಿಡುತ್ತೆ. ಮಾಡ್ಯೂಲ್ ನೇಮ್ ಮ್ಯಾಪರ್ ಅನ್ನೋ ಸೆಟ್ಟಿಂಗಿನಲ್ಲಿ ಅದಕ್ಕೂ ಬೇರೆಯಾಗಿ ಬರೆದುಕೊಡಬೇಕು. ಊರಲ್ಲಿ ನಮ್ಮ ಮನೆಗೆ ಬಾವಿಮನೆ ಅಂತಾರೆ. ಬಾವಿ ಮುಚ್ಚಿ ಎಷ್ಟೋ ಕಾಲ ಆಯ್ತು. ಊರವರಿಗೆ ಗೊತ್ತು, ಹೊಸ ಪೋಸ್ಟ್‌ಮ್ಯಾನಿಗೆ ಹೇಗೆ ಗೊತ್ತಾಗಬೇಕು?

11 ಸಾಲನ್ನೂ ನಾನೇ ತಿದ್ದಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕೈ ಸುಮ್ಮನಿರಲಿಲ್ಲ. ತೆರಿಗೆ ಲೆಕ್ಕ ಹಾಕೋ ಫೈಲಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗ್ತಿತ್ತು, ಮಿಕ್ಕ ಫೈಲುಗಳೆಲ್ಲ ಚಿಕ್ಕಕ್ಷರ. ಒಟ್ಟಿಗೇ ಸರಿ ಮಾಡೋಣ ಅಂತ ಹೆಸರಿನ ಮೊದಲಕ್ಷರ ಚಿಕ್ಕದು ಮಾಡಿದೆ, ಇಂಪೋರ್ಟುಗಳನ್ನೂ ಬದಲಿಸಿದೆ. ನನ್ನ ಮ್ಯಾಕ್‌ನಲ್ಲಿ ಬೇರಿನಿಂದ ಓಡಿಸಿದೆ, ಹಸಿರು. ಬಿಲ್ಲಿಂಗ್‌ನಿಂದ ಓಡಿಸಿದೆ, ಹಸಿರು. ಪುಶ್ ಮಾಡಿ ಕಾಫಿಗೆ ಹೋದೆ.

ವಾಪಸ್ ಬರೋವಾಗ ಸರ್ವರ್ ಮತ್ತೆ ಕೆಂಪು. ಈ ಸಲ ಒಂದೂ ಟೆಸ್ಟ್ ಓಡಿಲ್ಲ. ಮಾಡ್ಯೂಲ್ ಸಿಗಲಿಲ್ಲವಂತೆ. ನಾನು ಕ್ಯಾಶ್ ಅಳಿಸೋಣ ಅಂತ ಹೊರಟಿದ್ದೆ (ನೋಡಿ, ಕಷಾಯ!). ಅಷ್ಟರಲ್ಲಿ ಅವಳು ತನ್ನ ಮಷೀನಿಗೆ ಕೋಡ್ ಎಳೆದುಕೊಂಡು ನೋಡಿದ್ದಳು.

"ಸರ್, ರಿಪೋದಾಗ ಇನ್ನೂ ದೊಡ್ಡ ಅಕ್ಷರಾನೇ ಐತ್ರಿ. ಇಂಪೋರ್ಟ್‌ನ್ಯಾಗ ಅಷ್ಟೇ ಸಣ್ಣದಾಗೇತಿ."

ಅವಳು ಹೇಳಿದ್ದೇ ಸರಿ. ಮ್ಯಾಕ್‌ನ ಫೈಲ್ ವ್ಯವಸ್ಥೆ, ನಾವಾಗಿ ಬದಲಿಸದಿದ್ದರೆ, ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಎಣಿಸಲ್ಲ. ಹಾಗಾಗಿ ಅಲ್ಲಿನ ಗಿಟ್ ಕೂಡ ಬರೀ ಅಕ್ಷರದ ಗಾತ್ರ ಬದಲಾದ್ರೆ ಹೆಸರು ಬದಲಾಗಿದೆ ಅಂತ ಅಂದುಕೊಳ್ಳಲ್ಲ. ಫೈಲ್ ಹಳೇ ಹೆಸರಿನಲ್ಲೇ ಸರ್ವರಿಗೆ ಹೋಯಿತು. ಅಲ್ಲಿ ಲಿನಕ್ಸ್, ಅದಕ್ಕೆ ಎರಡೂ ಬೇರೆ ಬೇರೆ ಫೈಲು. ಹೆಸರು ಬದಲಿಸೋದಾದ್ರೆ ಗಿಟ್ ಎಂವಿ ಆಜ್ಞೆ ಹಾಕಿಯೇ ಬದಲಿಸಬೇಕು, ಆಗ ಗಿಟ್‌ಗೆ ತಿಳಿಯುತ್ತೆ. ಈ ಸಲ ಅದನ್ನು ಹೇಳಿದ್ದು ನಾನಲ್ಲ, ಅವಳೇ. ತನ್ನ ಮಷೀನ್‌ನಲ್ಲಿ ಹೆಸರು ಬದಲಿಸಿ, ಪುಶ್ ಮಾಡಿ, ಹಸಿರಾಗೋದನ್ನು ಕಾದಳು.

ದೊಡ್ಡಕ್ಷರ ಚಿಕ್ಕಕ್ಷರದ ಈ ರಗಳೆಯೇ ಇಲ್ಲದ ಲಿಪಿ ನಮ್ಮದು, ಕನ್ನಡದಲ್ಲಿ ಫೈಲ್ ಹೆಸರಿಟ್ಟಿದ್ದರೆ ಬಚಾವ್ ಆಗ್ತಿದ್ದೆ ಅಂತ ಒಂದು ಕ್ಷಣ ಅನ್ನಿಸಿತ್ತು. ಮನೆಗೆ ಹೋಗಿ ಕುತೂಹಲಕ್ಕೆ ನೋಡಿದೆ, ಅದೂ ಸುಳ್ಳು. 'ಕೊಡ' ಅನ್ನೋದರ 'ಕೊ' ಇದೆಯಲ್ಲ, ಅದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಅಂತ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಕೊಡ. ಲಿನಕ್ಸ್‌ಗೆ ಎರಡು ಕೊಡ.

ವಿಂಡೋಸ್‌ನದ್ದು ಬೇರೆಯೇ ರಾಮಾಯಣ, ಚುಟುಕಾಗಿ ಹೇಳಿ ಮುಗಿಸ್ತೀನಿ. ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ, ಮುಂದೊರಗಿದ ಸ್ಲ್ಯಾಶನ್ನು ಆಜ್ಞೆಗಳ ಆಯ್ಕೆ ಸೂಚಿಸೋಕೆ ಬಳಸಿಬಿಟ್ಟಿದ್ದರು. 1983ರಲ್ಲಿ ಡಾಸ್ 2.0 ಜೊತೆ ಫೋಲ್ಡರುಗಳು ಬಂದಾಗ ಸ್ಲ್ಯಾಶ್ ಖಾಲಿ ಇರಲಿಲ್ಲ, ಹಿಂದಕ್ಕೆ ಒರಗಿದ ಬ್ಯಾಕ್‌ಸ್ಲ್ಯಾಶ್ ಹಿಡಿದರು. ಅವತ್ತಿನ ಆ ಒಂದು ನಿರ್ಧಾರದಿಂದ ಇವತ್ತಿಗೂ, ಪಾತನ್ನು ಬರೀ ಅಕ್ಷರದ ಸಾಲಾಗಿ ಹೋಲಿಸುವ ಟೆಸ್ಟು ಮ್ಯಾಕ್‌ನಲ್ಲಿ ಗೆದ್ದು ವಿಂಡೋಸ್‌ನಲ್ಲಿ ಸೋಲುತ್ತೆ. ಕೈಯಾರೆ ಸ್ಲ್ಯಾಶ್ ಅಂಟಿಸಬೇಡಿ, ನಿರೀಕ್ಷಿಸುವ ಉತ್ತರವನ್ನೂ ಪಾತ್ ಡಾಟ್ ಜಾಯಿನ್‌ನಿಂದಲೇ ಕಟ್ಟಿ.

ಮಂಗಳವಾರ ಬೆಳಿಗ್ಗೆ ಸ್ಟ್ಯಾಂಡಪ್. ಹಿಂದಿನ ರಾತ್ರಿಯೇ ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೆ. ಬಾಯಿ ತೆರೆಯೋ ಹೊತ್ತಿಗೆ ನಾಲಿಗೆ ಮೊದಲು ಅಡ್ಡದಾರಿಯನ್ನೇ ಹುಡುಕಿತು. 'ಪಾತ್ ಇಶ್ಯೂ ಇತ್ತು, ಫಿಕ್ಸ್ ಆಗಿದೆ.' ಕರ್ತೃವೇ ಇಲ್ಲದ ವಾಕ್ಯ. ಆಫೀಸಿನಲ್ಲಿ ನಾವು ಕಲಿಯೋ ಮೊದಲ ವ್ಯಾಕರಣ ಇದು. ಅದನ್ನು ನುಂಗಿಕೊಂಡು ಹೇಳಿದೆ: "ಅವರ ಸೆಟಪ್ ಸರಿಯಾಗೇ ಇತ್ತು. ಆ ಹನ್ನೊಂದು ಸಾಲು ಮೂರು ವರ್ಷದ ಹಿಂದೆ ನಾನು ತಪ್ಪಾಗಿ ಬರೆದಿದ್ದು. ಶುಕ್ರವಾರ ನಾನು ಹೇಳಿದ್ದು ತಪ್ಪು. ನಿನ್ನೆ ಎರಡನೇ ಸಲ ಕೆಡಿಸಿದ್ದೂ ನಾನೇ, ಅದನ್ನ ಹಿಡಿದಿದ್ದು ಅವರು." ಮ್ಯಾನೇಜರ್ "ಓಕೆ, ಗುಡ್, ನೆಕ್ಸ್ಟ್" ಅಂದರು. ಒಬ್ಬರ ಮೇಲೆ ತಪ್ಪು ಹೊರಿಸೋಕೆ ಎಷ್ಟು ಹೊತ್ತು ಬೇಕಾಗಿತ್ತೋ ಇಳಿಸೋಕೂ ಅಷ್ಟೇ ಸಾಕಾಯ್ತು, ಹತ್ತು ಸೆಕೆಂಡು.

ಮಧ್ಯಾಹ್ನ ಊಟಕ್ಕೆ ಹೋಗೋವಾಗ ಅವಳು ಸಿಕ್ಕಳು. "ಸಾರಿ, ನಿಮ್ಮ ವೀಕೆಂಡ್ ಹಾಳು ಮಾಡಿದೆ" ಅಂದೆ. ಪರವಾಗಿಲ್ಲ ಸರ್ ಅಂತಾಳೆ, ನನ್ನ ಎದೆ ಹಗುರ ಆಗುತ್ತೆ ಅಂದುಕೊಂಡಿದ್ದೆ.

ಅವಳು ಹಾಗನ್ನಲಿಲ್ಲ. "ಭಾನುವಾರ ನಮ್ಮ ಅಕ್ಕನ ಕುಬಸ ಇತ್ರಿ ಸರ್. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ. ಸ್ಟ್ಯಾಂಡಪ್ ಆದ ಮ್ಯಾಲೆ ಕ್ಯಾನ್ಸಲ್ ಮಾಡಿದೆ. ಸೋಮವಾರದೊಳಗ ಸರಿಯಾಗಲಿಲ್ಲಂದ್ರ ನಂಗ ಬರಂಗಿಲ್ಲ ಅನ್ಕೋತಾರ ಅಂತ ಅಂಜಿಕಿ ಆತು."

ಜಗಳ ಮಾಡೋ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಫೋನ್ ತೆಗೆದು ಫೋಟೋ ತೋರಿಸಿದಳು. ಹಸಿರು ಬಳೆ, ಹಸಿರು ಸೀರೆ, ಅಕ್ಕನ ಸುತ್ತ ಇಪ್ಪತ್ತು ಮೂವತ್ತು ಜನ. ಒಬ್ಬೊಬ್ಬರನ್ನೇ ಬೆರಳಿಟ್ಟು ಇದು ಅತ್ತಿ, ಇದು ಚಿಗವ್ವ ಅಂತ ಹೇಳಿದಳು. ನನಗೆ ಏನನ್ನಬೇಕೋ ಗೊತ್ತಾಗಲಿಲ್ಲ. "ಡೆಲಿವರಿ ಯಾವಾಗ?" ಅಂತ ಕೇಳಿದೆ.

"ಇನ್ನೆರಡು ತಿಂಗಳೈತ್ರಿ. ಆವಾಗ ನಾಕು ದಿನ ರಜಾ ಬೇಕಾಗ್ತದ ಸರ್."

"ಈಗ್ಲೇ ಹಾಕಿಡಿ, ನಾನೇ ಅಪ್ರೂವ್ ಮಾಡ್ತೀನಿ" ಅಂದೆ. ಅವಳು ಲಿಫ್ಟಿನೊಳಗೆ ನಿಂತೇ ಫೋನಿನಲ್ಲಿ ರಜೆ ಅರ್ಜಿ ಹಾಕಿದಳು. ನಾಲ್ಕಲ್ಲ, ಐದು ದಿನ ಹಾಕಿದ್ದಳು.